ಆ ಇಬ್ಬರ ಉತ್ತರವನ್ನು ಬಿಟ್ಟುಬಿಡಬೇಡ

ಹುಲೇಕಲ್ ಹತ್ತಿರ, ಶಿರಸಿ ತಾಲೂಕು
ಆಷಾಢ ಬಹುಳ ಪಂಚಮಿ

ಚಿ. ಭಾರ್ಗವಿಗೆ ದೊಡ್ಡಪ್ಪನ ಅನೇಕ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮವಾಗಿದ್ದೇವೆ. ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದಾದ ಬೋರ್ಡೋವನ್ನು ಎರಡನೆಯ ಸಲ ಹೊಡೆಸುವ ಸಮಯವಾಗಿದ್ದರೂ ನಾಲ್ಕು ದಿನಗಳಿಂದ ಮಳೆ ಹೊಳವಾಗಿಲ್ಲ. ಅದಕ್ಕೆ ಬೇಕಾದ ಮೈಲುತುತ್ತವೂ ಸುಣ್ಣವೂ ಕೊಟ್ಟಿಗೆಯ ಅಟ್ಟದ ಮೇಲೆಯೇ ಇವೆ. ಈ ಬಿಡುವಿನಲ್ಲಿ ನಿನ್ನ ಪತ್ರವನ್ನು ಎರಡು ಸಲ ಓದಿದೆ, ಯೋಚಿಸಿದೆ, ಈಗ ಉತ್ತರ ಬರೆಯಲು ಕುಳಿತಿದ್ದೇನೆ.

ನೀನು ಪಿಎಚ್‌ಡಿಗೆ ಆರಿಸಿಕೊಂಡ ವಿಷಯ ನನಗೆ ಮನಸ್ಸಿನಿಂದ ಹಿಡಿಸಿದೆ. ಮರ ಹತ್ತುವ ಕೊನೆಗೌಡರು ಕಡಿಮೆಯಾಗಿ, ನೆಲದ ಮೇಲೆ ನಿಂತೇ ದೋಟಿಯಿಂದ, ಅಂದರೆ ಉದ್ದನೆಯ ಕೊಳವೆಗೋಲಿನಿಂದ, ಮದ್ದು ಹೊಡೆಯುವುದೂ ಅಡಿಕೆ ಕೊನೆ ಕೊಯ್ಯುವುದೂ ರೂಢಿಯಾಯಿತು. ಆದರೆ ದಿನವಿಡೀ ಮುಖ ಮೇಲೆತ್ತಿ, ಐವತ್ತು ಅರವತ್ತು ಅಡಿ ಎತ್ತರದ ಗೊನೆಗೆ ಗುರಿಯಿಟ್ಟು ನಿಲ್ಲುವವರ ಕುತ್ತಿಗೆ ಮತ್ತು ಹೆಗಲುಗಳ ಪಾಡೇನೆಂದು ಕೇಳಿದವರು ಎಷ್ಟು ಜನ? ನೀನು ಕೇಳುತ್ತಿದ್ದೀಯೆ. ಇದು ಕೃಷಿ ಎಂಜಿನಿಯರಿಂಗೋ, ವೈದ್ಯಕೀಯವೋ, ಮನೋವಿಜ್ಞಾನವೋ, ವಸ್ತುವಿಜ್ಞಾನವೋ ಎಂದು ಒಬ್ಬೊಬ್ಬರು ಒಂದೊಂದು ಕಡೆಗೆ ತಳ್ಳುತ್ತಿದ್ದಾರೆ, ತನಗೆ ತನ್ನದೆನ್ನುವ ಮನೆಯೇ ಇಲ್ಲದಂತಾಗಿದೆ ಎಂದು ನೀನು ಬರೆದಿದ್ದಕ್ಕೆ ನಾನು ಹೆಚ್ಚು ಚಿಂತಿಸುವುದಿಲ್ಲ. ದೋಟಿಯ ಕೊಳವೆ ವಸ್ತುವಿಜ್ಞಾನದ್ದು, ಪಂಪಿನ ಒತ್ತಡ ಎಂಜಿನಿಯರಿಂಗಿನದು, ಹೆಗಲಿನ ನೋವು ವೈದ್ಯರದ್ದು, ಆ ನೋವನ್ನು ದೋಟಿ ಹಿಡಿದವನು ನಿನ್ನೆದುರು ಹೇಗೆ ಹೇಳುತ್ತಾನೆ ಎನ್ನುವುದು ಮನೋವಿಜ್ಞಾನದ್ದು. ತೋಟದಲ್ಲಿ ನಿಂತ ಮನುಷ್ಯನಿಗೆ ಈ ಗಡಿಗಳು ಗೊತ್ತಿಲ್ಲ.

ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚಿದ್ದು ನಿನ್ನ ಪತ್ರದ ಕೊನೆಯ ಪುಟ. ಎರಡೂ ಬಗೆಯ ದೋಟಿ ಹಿಡಿದು ನೋಡಿದ ಹನ್ನೆರಡು ಜನರ ಪೈಕಿ ಹತ್ತು ಜನ ಹೊಸ ಕಾರ್ಬನ್ ಫೈಬರ್ ದೋಟಿಯೇ ಹಗುರ, ನೋವು ಕಡಿಮೆ ಎಂದರು. ಇಬ್ಬರು ಮಾತ್ರ ಹಳೆಯ ಅಲ್ಯೂಮಿನಿಯಂ ದೋಟಿಯೇ ಸಾಕು ಎಂದರು. ಆ ಇಬ್ಬರೂ ವಯಸ್ಸಾದವರು, ಹೊಸದನ್ನು ಒಪ್ಪುವವರಲ್ಲ, ಅವರನ್ನು ಕೋಷ್ಟಕದಿಂದ ತೆಗೆದರೆ ಫಲಿತಾಂಶ ಅಚ್ಚುಕಟ್ಟಾಗುತ್ತದೆ ಎಂದು ಹಿರಿಯರೊಬ್ಬರು ಹೇಳಿದರೆಂದೂ, ನಿನಗೂ ಅದು ಸರಿಯೆನ್ನಿಸತೊಡಗಿದೆ ಎಂದೂ ಬರೆದಿದ್ದೀಯೆ. ಕೂಸೇ, ಅದನ್ನು ಮಾಡಬೇಡ. ಯಾಕೆಂದು ಹೇಳುವ ಮೊದಲು, ನಿಮ್ಮಪ್ಪನಿಗೂ ನಾನು ಪೂರ್ತಿಯಾಗಿ ಹೇಳದ ಒಂದು ಸಂಗತಿಯನ್ನು ನಿನಗೆ ಹೇಳಬೇಕಾಗಿದೆ.

ನನಗೆ ಆಗ ಮೂವತ್ತೆಂಟು ವರ್ಷ, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಹೊಸ ದ್ರವವೊಂದು ಬಂದಿದೆ, ಮಳೆಗಾಲದ ಮೊದಲು ಒಂದು ಸಲ ಹೊಡೆದರೆ ಸಾಕು, ಬೋರ್ಡೋ ಬೇಕಿಲ್ಲ ಎಂದು ಮಾರಾಟಗಾರನೊಬ್ಬ ಹೇಳಿದ್ದನ್ನು ನಂಬಿ ಇಡೀ ತೋಟಕ್ಕೆ ಅದನ್ನೇ ಹೊಡೆಸಿದೆ. ಆ ವರ್ಷ ಕೊಳೆ ಬರಲಿಲ್ಲ. ನಾನು ಹಿಗ್ಗಿದೆ, ಕಂಡಕಂಡವರಿಗೆಲ್ಲ ಹೇಳಿದೆ. ಆ ಮಳೆಗಾಲದಲ್ಲಿ ನಡುನಡುವೆ ಎಂಟೆಂಟು ದಿನ ಬಿಸಿಲು ಬಿದ್ದಿತ್ತು ಎನ್ನುವುದು ನನ್ನ ಕಣ್ಣೆದುರಿಗೇ ಇದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ಸಾಲಿಗಾದರೂ ಬೋರ್ಡೋ ಹೊಡೆಸಿ ಹೋಲಿಸಿ ನೋಡೋಣವೆಂದು ಹೊಳೆಯಲಿಲ್ಲ. ಮರುವರ್ಷ ಪಕ್ಕದ ತೋಟದವರು, ಮಾಸ್ತರರು ಹೇಳಿದ ಮೇಲೆ ಸರಿಯೇ ಇರಬೇಕು ಎಂದು, ತಮ್ಮ ಒಂದೇ ಎಕರೆಗೆ ಆ ದ್ರವವನ್ನೇ ಹೊಡೆಸಿದರು. ಆ ವರ್ಷ ಮಳೆ ಬಿಡಲೇ ಇಲ್ಲ. ಬೆಳಿಗ್ಗೆ ನಾನು ಅವರ ತೋಟಕ್ಕೆ ಹೋದಾಗ ಹಸಿರು ಕಾಯಿಗಳು ನೆಲದ ತುಂಬ ಉದುರಿದ್ದವು. ತೊಟ್ಟಿನ ಹತ್ತಿರ ನೀರು ಕುಡಿದಂತೆ ಕಪ್ಪಗಾದ ಕಲೆ, ಎರಡು ದಿನ ಮೊದಲು ಬಿದ್ದವುಗಳ ಮೇಲೆ ಹತ್ತಿ ಸುತ್ತಿದಂತೆ ಬಿಳಿಯ ಬೂಜು. ಅವರು ಬಗ್ಗಿ ಒಂದೊಂದನ್ನೇ ಹೆಕ್ಕಿ ಹೆಡಿಗೆಗೆ ಹಾಕುತ್ತಿದ್ದರು. ನನಗೆ ಒಂದು ಮಾತನ್ನೂ ಅನ್ನಲಿಲ್ಲ, ಚಹಾ ಕುಡಿದು ಹೋಗಿ ಎಂದರು. ನನ್ನ ತೋಟವೂ ಹೋಯಿತು, ಆದರೆ ನನಗೆ ಸಂಬಳವಿತ್ತು. ಅವರಿಗೆ ಆ ಒಂದು ಎಕರೆಯೇ ಎಲ್ಲ.

ಅಂದಿನಿಂದ ನಮ್ಮ ತೋಟದಲ್ಲಿ ಹೊಸದೇನನ್ನು ಮಾಡಿದರೂ ಹೋಲಿಕೆಗೆ ಕೆಲವು ಸಾಲುಗಳನ್ನು ಹಳೆಯ ಕ್ರಮದಲ್ಲೇ ಇಡುತ್ತೇನೆ. ಯಾವ ಸಾಲು ಎಂಬುದನ್ನು ನಾನು ಆರಿಸುವುದಿಲ್ಲ, ಚೀಟಿ ಎತ್ತಿಸುತ್ತೇನೆ. ನನಗೆ ಬಿಟ್ಟರೆ ಗಟ್ಟಿ ಮರಗಳಿರುವ ಸಾಲನ್ನೇ ಹೊಸ ಮದ್ದಿಗೆ ಕೊಟ್ಟೇನು ಎಂಬ ಅಂಜಿಕೆ. ಈ ಚೀಟಿ ಎತ್ತುವ ಕ್ರಮಕ್ಕೆ ಶಾಸ್ತ್ರದ ಬಲ ಕೊಟ್ಟವರು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್. 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರ ಸೇರಿದ ಅವರಿಗೆ, ಗದ್ದೆಯ ಒಂದು ಮೂಲೆ ಫಲವತ್ತು, ಇನ್ನೊಂದು ಮೂಲೆ ಜೌಗು ಆಗಿರುವಾಗ ಗೊಬ್ಬರದ ಗುಣವನ್ನೂ ನೆಲದ ಗುಣವನ್ನೂ ಬೇರ್ಪಡಿಸುವುದು ಹೇಗೆ ಎಂಬ ಪ್ರಶ್ನೆ ಎದುರಾಯಿತು. ಗದ್ದೆಯಲ್ಲಿ ಹುಟ್ಟಿದ ಆ ಉಪಾಯ ಆಸ್ಪತ್ರೆಗೆ ಹೋಯಿತು. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಕ್ಷಯರೋಗದ ಪ್ರಯೋಗದಲ್ಲಿ, ಸ್ಟ್ರೆಪ್ಟೊಮೈಸಿನ್ ಎಲ್ಲರಿಗೂ ಸಾಲುವಷ್ಟು ಇಲ್ಲದ್ದರಿಂದ, 107 ರೋಗಿಗಳಲ್ಲಿ ಯಾರಿಗೆ ಆ ಔಷಧ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಿದರು. ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ 4 ಜನ ತೀರಿಕೊಂಡರೆ, ಹಾಸಿಗೆ ವಿಶ್ರಾಂತಿಯಲ್ಲಷ್ಟೇ ಇದ್ದ 52 ಜನರಲ್ಲಿ 14 ಜನ ತೀರಿಕೊಂಡರು. ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು ಇದೇ ಫಿಷರ್ ಅವರ ಬಳಿ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಮಾಡಿದವರು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಈಗ ನಿನ್ನ ಪ್ರಯೋಗವನ್ನೇ ನೋಡು. ಹೊಸ ದೋಟಿಯನ್ನು ಬೆಳಿಗ್ಗೆ ಕೊಟ್ಟೆವು, ಹಳೆಯದನ್ನು ಊಟದ ನಂತರ ಕೊಟ್ಟೆವು ಎಂದು ನೀನು ಬರೆದಿದ್ದೀಯೆ. ಹನ್ನೆರಡೂ ಜನರಿಗೆ ಹಾಗೆಯೇ ಮಾಡಿದ್ದರೆ, ಆ ಹತ್ತು ಜನರ ಉತ್ತರದಲ್ಲಿ ದೋಟಿಯ ಹಗುರ ಎಷ್ಟು, ಬೆಳಗಿನ ತಾಜಾತನ ಎಷ್ಟು? ನಾಲ್ಕು ಗಂಟೆ ಕುತ್ತಿಗೆ ಎತ್ತಿ ನಿಂತವನ ಕೈಗೆ ಮಧ್ಯಾಹ್ನ ಏನು ಕೊಟ್ಟರೂ ಭಾರವೇ ಅಲ್ಲವೆ? ಆದ್ದರಿಂದ ತೆಗೆಯಬೇಕಾದದ್ದು ಆ ಇಬ್ಬರನ್ನಲ್ಲ. ಎಲ್ಲರನ್ನೂ ಇಟ್ಟುಕೊಂಡು, ಅರ್ಧ ಜನರಿಗೆ ಬೆಳಿಗ್ಗೆ ಹಳೆಯ ದೋಟಿ ಬರುವಂತೆ ಚೀಟಿ ಎತ್ತಿಸಿ, ಬೇರೆ ದಿನ ಇಡೀ ಪ್ರಯೋಗವನ್ನು ಮತ್ತೊಮ್ಮೆ ಮಾಡಬೇಕು. ಎರಡು ತಿಂಗಳು ಹೆಚ್ಚು ಹಿಡಿಯಬಹುದು. ಹಿಡಿಯಲಿ.

ಇನ್ನೊಂದು ಮಾತು. ಪ್ರಶ್ನೆಗಳನ್ನು ಕೇಳಿದವಳು ನೀನೇ, ಅದೂ ನಮ್ಮ ಸುತ್ತಿನ ತೋಟಗಳಲ್ಲಿ. ಹೊಸ ದೋಟಿಯನ್ನು ತಂದುಕೊಟ್ಟವಳೂ ನೀನೇ. ಮಾಸ್ತರರ ಮನೆಯ ಹುಡುಗಿ ಆಸೆಯಿಂದ ಕೇಳುತ್ತಿರುವಾಗ ಚೊಲೊ ಇದ್ದು ಎಂದಲ್ಲದೆ ಬೇರೇನು ಹೇಳಿಯಾರು? ಅದು ಸುಳ್ಳಲ್ಲ, ನಮ್ಮ ಕಡೆಯವರ ಸೌಜನ್ಯ. ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆಯೊಂದು ಲೆಕ್ಕ ಮಾಡಿ ಗೊರಸು ಬಡಿದು ಉತ್ತರ ಹೇಳುತ್ತದೆ ಎಂದು ದೊಡ್ಡ ದೊಡ್ಡವರೇ ನಂಬಿದ್ದರು. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಎಂಬ ಮನೋವಿಜ್ಞಾನಿ, ಕೇಳುವವನಿಗೇ ಉತ್ತರ ಗೊತ್ತಿಲ್ಲದಂತೆ ಮಾಡಿ ಪರೀಕ್ಷಿಸಿದಾಗ ಕುದುರೆಗೂ ಉತ್ತರ ಗೊತ್ತಾಗಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಕೇಳುವವನ ತಲೆ ತಾನಾಗಿ ಕಂಡೂ ಕಾಣದಷ್ಟು ಅಲುಗುತ್ತಿತ್ತು, ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಅದರ ಯಜಮಾನ ಮೋಸಗಾರನಾಗಿರಲಿಲ್ಲ, ಪೂರ್ತಿ ನಂಬಿದ್ದ ನಿವೃತ್ತ ಶಿಕ್ಷಕ. ಆ ಸಂಗತಿಯೇ ನನ್ನನ್ನು ಹೆಚ್ಚು ಕಾಡುತ್ತದೆ. ಮುಂದಿನ ಸಲ ಪ್ರಶ್ನೆಗಳನ್ನು ನೀನು ಕೇಳಬೇಡ. ಯಾವ ದೋಟಿ ಗೆದ್ದರೂ ಸೋತರೂ ಚಿಂತೆಯಿಲ್ಲದ, ಊರಿಗೆ ಹೊಸಬರಾದ ಒಬ್ಬರಿಂದ ಕೇಳಿಸು.

ಒಗ್ಗದ ಅಂಕಿಗಳನ್ನು ಬಿಟ್ಟುಬಿಡುವುದು, ಬೇಕಾದ ಉತ್ತರ ಬಂದಾಗ ಎಣಿಕೆ ನಿಲ್ಲಿಸುವುದು ಎಲ್ಲ ಶಾಸ್ತ್ರಗಳಲ್ಲೂ ನಡೆದಿದೆ, ಒಳ್ಳೆಯವರಿಂದಲೇ ನಡೆದಿದೆ. ಮನೋವಿಜ್ಞಾನದವರು ಧೈರ್ಯ ಮಾಡಿ ತಮ್ಮದೇ ಶಾಸ್ತ್ರದ 100 ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿ 2015ರಲ್ಲಿ ಪ್ರಕಟಿಸಿದರು. ಮೂಲ ಪ್ರಬಂಧಗಳಲ್ಲಿ ನೂರಕ್ಕೆ 97 ಪ್ರಬಂಧಗಳು ಪರಿಣಾಮ ಕಂಡುಬಂತೆಂದು ಹೇಳಿದ್ದರೆ, ಎರಡನೆಯ ಸಲ ಅದು 36ಕ್ಕೆ ಇಳಿಯಿತು. ಇದರಿಂದ ಆ ಶಾಸ್ತ್ರದ ಮೇಲೆ ನನ್ನ ಗೌರವ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ನಮ್ಮ ಸೀಮೆಯ ಮಂಗನ ಕಾಯಿಲೆಯ ಕಥೆ ನಿನಗೆ ಗೊತ್ತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಜನರಿಗೂ ಜ್ವರ ಬಂದಾಗ, ಪುಣೆಯಿಂದ ಬಂದ ವಿಜ್ಞಾನಿಗಳ ಮನಸ್ಸಿನಲ್ಲಿ ಮೊದಲು ಇದ್ದದ್ದು ಹಳದಿ ಜ್ವರ ಭಾರತಕ್ಕೆ ಬಂದಿತೇನೋ ಎಂಬ ಭಯ. ಹಳದಿ ಜ್ವರ ಸೊಳ್ಳೆಯಿಂದ ಹರಡುವಂಥದ್ದು. ಆದರೆ ಸಿಕ್ಕ ವೈರಸ್ ರಷ್ಯಾದ ಕಡೆ ರಕ್ತ ಹೀರುವ ಉಣುಗುಗಳಿಂದ ಹರಡುವ ಜ್ವರಗಳ ಬಳಗಕ್ಕೆ ಸೇರಿದ್ದಾಗಿತ್ತು. ಅವರು ತಮ್ಮ ಮೊದಲ ಊಹೆಗೆ ಅಂಟಿಕೊಂಡು ಸೊಳ್ಳೆಯ ಹಿಂದೆಯೇ ಹೋಗಿದ್ದರೆ, ಬೇಸಿಗೆಯಲ್ಲಿ ಬೆಟ್ಟಕ್ಕೆ ಒಣ ಎಲೆಯ ದರಕು ಗುಡಿಸಲು ಹೋಗುವವರಿಗೆ ಉಣುಗಿನ ಎಚ್ಚರ ಹೇಳುವವರು ಯಾರಿರುತ್ತಿದ್ದರು? 1990ರಿಂದ ಕೊಡುತ್ತ ಬಂದ ಲಸಿಕೆಯನ್ನೂ ಹಾಗೆಯೇ ಅಳೆದು ನೋಡಿದರು. 2005ರಿಂದ 2010ರ ವರೆಗಿನ ಲೆಕ್ಕದಲ್ಲಿ ಎರಡು ಡೋಸ್ ಪಡೆದವರಿಗೆ ನೂರಕ್ಕೆ ಸುಮಾರು 62ರಷ್ಟು, ಬೂಸ್ಟರನ್ನೂ ಪಡೆದವರಿಗೆ ಸುಮಾರು 83ರಷ್ಟು ರಕ್ಷಣೆ ಕಂಡಿತು, ಒಂದೇ ಡೋಸಿನಿಂದ ಪ್ರಯೋಜನ ಕಾಣಲಿಲ್ಲ. ಮುಂದೆ ಅದರ ಬಳಕೆಯನ್ನೇ ನಿಲ್ಲಿಸಲಾಯಿತು. ಸಿದ್ದಾಪುರದ ಕಡೆ ಈ ಕಾಯಿಲೆಗೆ ಮನೆಯವರನ್ನು ಕಳೆದುಕೊಂಡವರನ್ನು ನಾನು ಬಲ್ಲೆ. ಅವರ ಎದುರು ನಿಂತು, ಲಸಿಕೆ ನಾವು ಬಯಸಿದಷ್ಟು ಕಾಯುತ್ತಿಲ್ಲ ಎಂದು ಬರೆಯಲು ಎಂಥ ಮನೋಬಲ ಬೇಕು ಎಂದು ಯೋಚಿಸು.

ಇನ್ನು ಆ ಇಬ್ಬರ ವಿಷಯ. ಅವರಲ್ಲಿ ಒಬ್ಬರು ನಮ್ಮ ತೋಟಕ್ಕೇ ಬರುವವರೆಂದು ನಿನ್ನ ವರ್ಣನೆಯಿಂದ ತಿಳಿಯಿತು. ನಿನ್ನೆ ಅವರು ಮದ್ದು ಹೊಡೆಯುವ ದಿನ ಕೇಳಲು ಬಂದಿದ್ದರು. ನಾನು ಏನನ್ನೂ ಕೇಳಲಿಲ್ಲ. ಕವಳದ ಬಟ್ಟಲನ್ನು ಮುಂದಿಟ್ಟು, ಜಗಲಿಯಲ್ಲಿದ್ದ ಹೊಸ ದೋಟಿಯನ್ನು ಅವರ ಕೈಗೆ ಕೊಟ್ಟೆ. ಅವರು ಅಂಗಳದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡೇ ಅದನ್ನು ಪೂರ್ತಿ ಉದ್ದಕ್ಕೆ ಏರಿಸಿ ಹಿಡಿದರು. ಗಾಳಿಗೆ ತುದಿ ಅತ್ತಿತ್ತ ತೂಗಿತು. ಬಲಗೈ ಮಣಿಕಟ್ಟು ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ತಿರುಗುತ್ತಲೇ ಇತ್ತು. "ಭಾರ ಕಡಿಮೆಯೇ ಮಾಸ್ತರ್ರೇ, ಸುಳ್ಳು ಹೇಳೂದಿಲ್ಲ. ಆದ್ರೆ ತುದಿ ನಿಲ್ಲೂದಿಲ್ಲ. ಅದನ್ನು ನಿಲ್ಲಿಸೂದ್ರಲ್ಲಿ ಮಣಿಕಟ್ಟು ಸೋಲ್ತದೆ," ಎಂದರು. ನೀನು ಕಳಿಸಿದ ಪ್ರಶ್ನಾವಳಿಯನ್ನು ತೆಗೆದು ನೋಡಿದೆ. ಅದರಲ್ಲಿ ಕುತ್ತಿಗೆ ಇದೆ, ಹೆಗಲಿದೆ, ಸೊಂಟವಿದೆ. ಮಣಿಕಟ್ಟಿನ ಪ್ರಶ್ನೆಯೇ ಇಲ್ಲ.

ಒಬ್ಬರ ಮಾತಿನಿಂದ ಏನೂ ಸಾಬೀತಾಗುವುದಿಲ್ಲ, ಆದರೆ ಎಲ್ಲಿ ಅಳೆಯಬೇಕೆಂಬುದು ತಿಳಿಯುತ್ತದೆ. ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಭಾರ, ಕಾರ್ಬನ್ ಫೈಬರ್ ಕೊಳವೆ ಸುಮಾರು 1.6 ಪಟ್ಟು. ಆದರೆ ತುದಿಯಲ್ಲಿ ಅದೇ ಭಾರವಿದ್ದು ಉದ್ದ ಎರಡು ಪಟ್ಟಾದರೆ ಬಾಗು ಎಂಟು ಪಟ್ಟಾಗುತ್ತದೆ, ಮತ್ತು ಎಳೆಗಳನ್ನು ಯಾವ ದಿಕ್ಕಿಗೆ ಹಾಸಿದ್ದಾರೆ ಎಂಬುದರ ಮೇಲೆ ಕೊಳವೆಯ ಬಿಗಿ ನಿಲ್ಲುತ್ತದೆ. ತೂಕವನ್ನಷ್ಟೇ ಬರೆದುಕೊಂಡು ಬಂದ ನೀನು ತುದಿಯ ತೂಗಾಟವನ್ನೂ ಅಳೆದುಕೋ. ಹಾಗೆಯೇ, ಕಾರ್ಬನ್ ಫೈಬರ್ ಪ್ಲಾಸ್ಟಿಕ್ಕಿನಂತೆ ಕಂಡರೂ ಅದರಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದನ್ನು ನಿನ್ನ ವರದಿಯ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆ. ತೋಟದ ಮೇಲೆ ತಂತಿ ಹಾದುಹೋದ ಕಡೆ, ಅಲ್ಯೂಮಿನಿಯಂಗೆ ಅಂಜುವವರೂ ಇದನ್ನು ನಿರ್ಭಯವಾಗಿ ಎತ್ತುವುದನ್ನು ನಾನೇ ಕಂಡು ತಡೆದಿದ್ದೇನೆ.

ಹಿರಿಯರಿಗೆ ಎದುರು ಮಾತಾಡಬೇಕೆಂದು ನಾನು ಹೇಳುತ್ತಿಲ್ಲ. ಮಣಿಕಟ್ಟಿನ ಸಂಗತಿಯನ್ನೂ ಬೆಳಿಗ್ಗೆ ಮಧ್ಯಾಹ್ನಗಳ ಅಡ್ಡಿಯನ್ನೂ ವಿನಯದಿಂದ ಅವರ ಮುಂದಿಡು, ಪ್ರಯೋಗವನ್ನು ಮತ್ತೆ ಮಾಡಲು ಅನುಮತಿ ಕೇಳು. ಅವರು ಒಪ್ಪದಿದ್ದರೆ, ಹನ್ನೆರಡೂ ಜನರ ಉತ್ತರವನ್ನು ಇದ್ದದ್ದು ಇದ್ದಂತೆ ಕೋಷ್ಟಕದಲ್ಲಿಟ್ಟು, ಪ್ರಯೋಗದ ಕುಂದನ್ನೂ ಅದರ ಕೆಳಗೇ ಬರೆದು ಕೊಡು. ಪ್ರಬಂಧ ತಡವಾದರೆ ಮನೆಯಲ್ಲಿ ಯಾರೂ ನಿನ್ನನ್ನು ಏನೂ ಅನ್ನುವುದಿಲ್ಲ, ನಿಮ್ಮಪ್ಪನೊಡನೆ ನಾನು ಮಾತಾಡಿದ್ದೇನೆ. ಎರಡನೆಯ ಪ್ರಯೋಗಕ್ಕೆ ನಮ್ಮ ತೋಟವನ್ನೇ ಬಳಸಿಕೋ. ಕೂಲಿಯನ್ನು ನಾನು ಕೊಡುತ್ತೇನೆ.

ಈಗ ಮಳೆ ಹೊಳವಾದಂತಿದೆ. ಸುಣ್ಣ ಅರಳಿಸಲು ಹೇಳಿದ್ದೇನೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಮೂವತ್ತು ವರ್ಷಗಳಿಂದ ಬಾಯಿಪಾಠವಾಗಿದ್ದರೂ, ಪ್ರತಿ ಬ್ಯಾರಲ್ಲಿಗೂ ತಿಕ್ಕಿ ತೊಳೆದ ಕತ್ತಿಯನ್ನು ಒಂದು ನಿಮಿಷ ಅದ್ದಿ, ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದೆಯೇ ಎಂದು ನೋಡಿಯೇ ಹೊಡೆಸುತ್ತೇನೆ. ಕೆಂಪು ಕಂಡರೆ ಇನ್ನಷ್ಟು ಸುಣ್ಣ ಬೀಳಬೇಕು. ನಿನ್ನೆ ಬಂದವರು ಆಗಲೇ ಅಂಗಳದಲ್ಲಿ ನಿಂತಿದ್ದಾರೆ, ಹಳೆಯ ದೋಟಿಯನ್ನೇ ತಂದಿದ್ದಾರೆ. ಚೌತಿ ಹಬ್ಬಕ್ಕೆ ಬಂದಾಗ ನಾಲ್ಕು ದಿನ ಹೆಚ್ಚು ಇರುವಂತೆ ಬಾ, ಅವರ ಜೊತೆ ನೀನೂ ಒಂದು ಇಡೀ ದಿನ ದೋಟಿ ಹಿಡಿದು ನೋಡುವಿಯಂತೆ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ