ಜತ್ತಿಯವರ ಕಾಗದ ಮೊದಲು, ಕಟ್ಟಡ ಆಮೇಲೆ

ಮಾನ್ಯ ಸಂಪಾದಕರೇ,

ಶಾಲಾ ಪ್ರವಾಸದ ಬಸ್ಸುಗಳು ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ಮುಗಿಸಿ ಮರಳುತ್ತವೆ. ರಾಷ್ಟ್ರಪತಿಯ ಹೊಣೆ ಹೊತ್ತ ಬಸಪ್ಪ ದಾನಪ್ಪ ಜತ್ತಿಯವರು ಇದೇ ಬಾಗಲಕೋಟೆ ಜಿಲ್ಲೆಯ ಸಾವಳಗಿಯವರು ಎಂಬುದು ಎಷ್ಟು ಮಕ್ಕಳಿಗೆ ಗೊತ್ತು? 1977ರ ಫೆಬ್ರುವರಿ 11ರಂದು ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಉಪರಾಷ್ಟ್ರಪತಿಯಾಗಿದ್ದ ಜತ್ತಿ, ಜುಲೈ 25ರವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ತುರ್ತುಪರಿಸ್ಥಿತಿ ರದ್ದಾದದ್ದು, ಮೊರಾರ್ಜಿ ದೇಸಾಯಿ ಪ್ರಧಾನಿಯಾದದ್ದು ಆ ಐದೂವರೆ ತಿಂಗಳಲ್ಲೇ.

ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧಿಕಾರದಲ್ಲಿದ್ದಾಗಲೇ ತಮ್ಮೂರು ಹೈಡ್ ಪಾರ್ಕಿನ ಜಮೀನಿನಲ್ಲಿ ಗ್ರಂಥಾಲಯ ಕಟ್ಟಿಸಿ, ಕಾಗದಪತ್ರ ಸರ್ಕಾರಕ್ಕೆ ಒಪ್ಪಿಸಿದರು. 1941ರಲ್ಲಿ ಅದು ಜನರಿಗೆ ತೆರೆಯಿತು. ಪೋಲಿಯೊದಿಂದ ಕಾಲು ಸೋತಿದ್ದ ಅವರು ಕೈಯಿಂದಲೇ ನಿಯಂತ್ರಿಸಿ ಓಡಿಸುತ್ತಿದ್ದ ಫೋರ್ಡ್ ಕಾರೂ ಅಲ್ಲಿದೆ. ನೋಡಲು ಬಂದವರಿಗೆ ಕಾರು, ಓದಲು ಬಂದವರಿಗೆ ಕಡತ. ಜತ್ತಿಯವರ ಹೆಸರಿನಲ್ಲಿ ಅಂಥದೊಂದು ಗ್ರಂಥಾಲಯ-ಮ್ಯೂಸಿಯಂ ಜಮಖಂಡಿ ಸೀಮೆಯಲ್ಲಿ ಆಗಲೇಬೇಕು.

ಆದರೆ ಕಟ್ಟಡದ ನೀಲನಕ್ಷೆಗೆ ಮೊದಲು ಕಾಗದ ಉಳಿಯಬೇಕು. ಜತ್ತಿಯವರ ಪತ್ರ, ಫೋಟೊ ಯಾರ ಮನೆಯ ಟ್ರಂಕಿನಲ್ಲಿದ್ದರೂ ಇಂದೇ ತೆಗೆದು ನೋಡಿ. ಗುಂಡುಪಿನ್ನು, ರಬ್ಬರ್ ಬ್ಯಾಂಡ್ ಬಿಚ್ಚಿ. ಪಿನ್ನಿನ ತುಕ್ಕು ಕಾಗದವನ್ನು ತೂತಾಗುವವರೆಗೆ ತಿನ್ನುತ್ತದೆ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಕಂದಾಗಿ ಅಕ್ಷರಕ್ಕೇ ಇಳಿಯುತ್ತದೆ. ಲ್ಯಾಮಿನೇಶನ್ನಂತೂ ಬೇಡವೇ ಬೇಡ: ಕಾದ ಪ್ಲಾಸ್ಟಿಕ್ ಒಮ್ಮೆ ಅಂಟಿದರೆ ಪತ್ರಕ್ಕೆ ಹಾನಿಯಾಗದಂತೆ ಬಿಡಿಸುವುದು ಕಷ್ಟ. ಪತ್ರಿಕಾ ತುಣುಕುಗಳನ್ನು ಬೇರೆಯೇ ಇಡಿ. ಅಗ್ಗದ ಕಾಗದದ ಆಮ್ಲ ಪಕ್ಕದ ಹಾಳೆಯನ್ನೂ ಹಳದಿ ಮಾಡುತ್ತದೆ. ಫೋಟೊ ಹಿಂದೆ ಹೆಸರು ಬರೆಯಲು ಮೆತ್ತನೆಯ ಪೆನ್ಸಿಲ್ ಸಾಕು, ಬಾಲ್‌ಪೆನ್ನಿನ ಗೀರು ಮುಂದಿನ ಮುಖದ ಮೇಲೆ ಏಳುತ್ತದೆ.

ಮ್ಯೂಸಿಯಂ ಆದಾಗ ಗೋಡೆಗೆ ನಕಲು ಹಾಕಿ, ಮೂಲಪ್ರತಿ ಆಮ್ಲರಹಿತ ಪೆಟ್ಟಿಗೆಯಲ್ಲಿರಲಿ. ಮೂಲವನ್ನೇ ತೋರಿಸುವುದಾದರೆ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಮೀರಬಾರದು, ಕೆಲ ತಿಂಗಳಿಗೊಮ್ಮೆ ಆ ಪತ್ರ ತೆಗೆದು ಬೇರೆಯದನ್ನು ಇಡಬೇಕು. ಮಾಸಿದ ಶಾಯಿ ಮರಳುವುದಿಲ್ಲ. ಹಗಲು ಎಸಿ ಹಾಕಿ ರಾತ್ರಿ ಆರಿಸುವುದು ಎಸಿ ಇಲ್ಲದ್ದಕ್ಕಿಂತ ಕೆಟ್ಟದ್ದು. ತೇವ ಏರಿಳಿದಂತೆ ಕಾಗದ ಉಬ್ಬಿ ಕುಗ್ಗಿ ಸೊರಗುತ್ತದೆ. ತೇವಾಂಶ ಶೇ 65 ದಾಟಿದರೆ ಬೂಷ್ಟು ಹಿಡಿಯುತ್ತದೆ.

ಜಿಲ್ಲಾಡಳಿತ ಒಂದು ಸ್ಕ್ಯಾನರ್, ಒಂದು ರಿಜಿಸ್ಟರ್ ಕೊಟ್ಟು ಇಬ್ಬರನ್ನು ಸಾವಳಗಿ, ಜಮಖಂಡಿಯ ಮನೆಮನೆಗೆ ಕಳಿಸಲಿ. ಮೂಲಪ್ರತಿ ಕೊಡಲೊಲ್ಲದವರಿಗೆ ಅಲ್ಲೇ ಸ್ಕ್ಯಾನ್ ಮಾಡಿ ವಾಪಸ್ ಕೊಡಲಿ, ಕೊಟ್ಟವರಿಗೆ ರಸೀದಿ ಬರೆಯಲಿ. ಫೋಟೊದಲ್ಲಿ ಜತ್ತಿಯವರ ಪಕ್ಕ ನಿಂತವರು ಯಾರೆಂದು ಹೇಳಬಲ್ಲ ಹಿರಿಯರು ಇನ್ನೂ ಇರುವಾಗಲೇ ಈ ಕೆಲಸ ಶುರುವಾಗಲಿ.

– ದಾಖಲೆ ಸಂರಕ್ಷಣಾಸಕ್ತರು, ಜಮಖಂಡಿ