ಕೊಡುವ ಮುಂಚೆ ಕರಾರು ಓದು

ಚಿ. ವೀರೇಶನಿಗೆ ಸಿಂಧನೂರಿನಿಂದ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನೀನು ಕಳಿಸಿದ ಕರಾರನ್ನು ಪೂರ್ತಿ ಓದಿದೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂತು ಇಷ್ಟು ವರ್ಷ ಕ್ರಯಪತ್ರ, ದಾನಪತ್ರ ಬರೆದವನಿಗೆ ಕೋಡ್ ತಿಳಿಯದಿದ್ದರೂ ಕಾಗದ ತಿಳಿಯುತ್ತದೆ. ಬೆಂಗಳೂರಿನ ಗಿರಾಕಿಯ ಕೆಲಸ ಮಾಡುತ್ತಲೇ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಓಪನ್ ಸೋರ್ಸ್‌ಗೂ ಕೋಡ್ ಕೊಡುತ್ತೇನೆ ಅಂದಿದ್ದೀಯ. ಕೊಡು, ಬೇಡ ಅನ್ನುವವನಲ್ಲ ನಾನು. ಆದರೆ ಕೊಡುವುದು ನಿನ್ನದು ಹೌದೋ ಅಲ್ಲವೋ, ಅದನ್ನು ಮೊದಲು ನೋಡು.

1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿ. ನಿಮ್ಮ ಅತ್ತೆಗೆ ಹೇಳಿದರೆ ನಕ್ಕಳು. 17ನೇ ಕಲಂ ಪ್ರಕಾರ, ಸಂಬಳದ ನೌಕರ ನೌಕರಿಯಲ್ಲಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕನದು. ನೀನು ನೌಕರನಲ್ಲ. ಹಕ್ಕು ಬರೆದುಕೊಡುವ ತನಕ ನಿನ್ನ ಕೋಡಿಗೆ ನೀನೇ ಒಡೆಯ. ಬರೆದುಕೊಡುವುದು ಹೇಗೆ ಅನ್ನುವುದು 19ನೇ ಕಲಂನಲ್ಲಿದೆ: ಬರವಣಿಗೆ ಬೇಕು, ಸಹಿ ಬೇಕು, ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ. ನಿನ್ನ ಗಿರಾಕಿಯ ವಕೀಲ ಇದನ್ನೆಲ್ಲ ಓದಿಕೊಂಡೇ ಕೂತವನು. ಕರಾರಿನ ಅವಧಿಯಲ್ಲಿ ನೀನು ಬರೆಯುವ ಯಾವುದೇ ಕೋಡ್ ಶಾಶ್ವತವಾಗಿ, ಜಗತ್ತಿನಾದ್ಯಂತ ಅವರದು ಅಂತ ಹಾಕಿದ್ದಾನೆ. ರಾತ್ರಿ ಮನೆಯಲ್ಲಿ ನಿನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ಬರೆದದ್ದೂ ಅದರೊಳಗೆ ಬಂತು ಅಂತ ನಾಳೆ ತಕರಾರು ತೆಗೆಯಬಹುದು.

ಲಿನಕ್ಸ್ ಅನ್ನುವ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಕೋಡ್ ಕಳಿಸುವವರು 2004ರಿಂದ ಸೈನ್ಡ್-ಆಫ್-ಬೈ ಅಂತ ಹೆಸರು ಹಾಕುತ್ತಾರಲ್ಲ, ಅದು ಸುಮ್ಮನೆ ಹೆಸರಲ್ಲ. ಇದನ್ನು ಕೊಡಲು ನನಗೆ ಹಕ್ಕಿದೆ ಅನ್ನುವ ಮುಚ್ಚಳಿಕೆ. ಈ ಕರಾರಿಗೆ ಸಹಿ ಹಾಕಿ ಆಮೇಲೆ ಅಲ್ಲೂ ಹೆಸರು ಹಾಕಿದರೆ, ಪಹಣಿಯಲ್ಲಿ ಹೆಸರಿಲ್ಲದವ ಹೊಲ ದಾನ ಕೊಟ್ಟಂತೆ.

ಅದಕ್ಕೇ ಕರಾರಿನ ಆ ಕಲಂ ತಿದ್ದಿಸು. ಈ ಕೆಲಸಕ್ಕೆಂದು ಬರೆದದ್ದು ಗಿರಾಕಿಯದು. ಮೊದಲೇ ಬರೆದಿದ್ದದ್ದು, ಕೆಲಸಕ್ಕೆ ಸಂಬಂಧವಿಲ್ಲದ್ದು ನಿನ್ನದು. ಬಳಸುವ ಓಪನ್ ಸೋರ್ಸ್ ಲೈಬ್ರರಿಯಲ್ಲಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನಲ್ಲಿ, ತಿದ್ದಿದ್ದನ್ನು ಮೂಲ ಪ್ರಾಜೆಕ್ಟಿಗೆ ಕಳಿಸಬಹುದು. ಕೊನೆಯದಕ್ಕೆ ಅವರು ಒಪ್ಪುತ್ತಾರೆ. ಮೂಲದಲ್ಲಿ ಸೇರದಿದ್ದರೆ ಹೊಸ ಆವೃತ್ತಿ ಬಂದಾಗಲೆಲ್ಲ ಅದೇ ತಿದ್ದುಪಡಿಯನ್ನು ಮತ್ತೆ ಮಾಡಿಸಿ ರೊಕ್ಕ ಕೊಡಬೇಕಾದವರು ಅವರೇ ತಾನೆ?

ಹಾಗೆಯೇ ಓಪನ್ ಸೋರ್ಸಿನಿಂದ ಕೋಡ್ ತರುವಾಗಲೂ ಅದರ ಲೈಸೆನ್ಸ್ ಓದು. ಎಂಐಟಿ ಲೈಸೆನ್ಸ್ ಆದರೆ ಹಕ್ಕಿನ ಸೂಚನೆ, ಲೈಸೆನ್ಸಿನ ಪಠ್ಯ ಉಳಿಸಿದರೆ ಮುಗಿಯಿತು. ಜಿಪಿಎಲ್ ಲೈಸೆನ್ಸಿನ ಕೋಡ್ ಸೇರಿಸಿ ಸಾಫ್ಟ್‌ವೇರ್ ಹಂಚಿದರೆ ಮೂಲ ಕೋಡನ್ನೂ ಕೊಡಬೇಕಾಗುತ್ತದೆ. ಗಿರಾಕಿಗೆ ಮೊದಲೇ ಹೇಳು. ಇನ್ನು ರೊಕ್ಕದ ಮಾತು. ಓಪನ್ ಸೋರ್ಸಿನಿಂದ ಹೆಸರು ಬಂದೀತು, ಆದರೆ ಅದನ್ನು ನಂಬಿ ಬಾಡಿಗೆ ಕಟ್ಟಲಾಗದು.

ಏನು ಕೊಡಲಿ ಅಂತ ಕೇಳಿದ್ದೆಯಲ್ಲ, ನನ್ನದೊಂದು ಕೆಲಸ ಇದೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದ ಪತ್ರಗಳನ್ನು, ಈಗ ಎಲ್ಲ ಕಡೆ ಬಳಸುವ ಯೂನಿಕೋಡಿಗೆ ಬದಲಿಸಿದಾಗ ಅರ್ಕಾವತ್ತು ಜಾಗ ತಪ್ಪುತ್ತದೆ. ನುಡಿಯಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮುಂಚೆ ಬರಬೇಕು. ಚೆಕ್‌ಬಂದಿಯ, ಅಂದರೆ ಹೊಲದ ಗಡಿ ವಿವರದ, ‘ಪೂರ್ವಕ್ಕೆ’ ಹೋಗಿ ‘ಪೂವರ್ಕ್ಕೆ’ ಆಗಿ ಕೂತಿರುತ್ತದೆ. ಇಂಥ ಕನ್ವರ್ಟರ್‌ಗಳು ಓಪನ್ ಸೋರ್ಸ್‌ನಲ್ಲೂ ಇವೆಯಲ್ಲ, ಒಂದನ್ನು ಹಿಡಿದು ತಿದ್ದು.

ಕರಾರಿನ ಹೊಸ ಕರಡು ಬಂದರೆ ಸಹಿಗೆ ಮುಂಚೆ ವಾಟ್ಸಾಪ್ ಮಾಡು. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಮಾವ