ಹಿರಿಯರ ಮಾತ್ರೆ ಡಬ್ಬಿ: ಗುಂಪಿನವರ ಗಮನಕ್ಕೆ

ನಮಸ್ಕಾರ. ಈ ವಾರ ಒಮ್ಮೆ ಅಜ್ಜ-ಅಜ್ಜಿಯರ ಮಾತ್ರೆ ಡಬ್ಬಿಯನ್ನು ಚಾಪೆ ಮೇಲೆ ಸುರಿದು ನೋಡಿ. ಶಿರಸಿಯಲ್ಲಿ ಒಬ್ಬರು ಡಾಕ್ಟರು, ಮಣಿಪಾಲದಲ್ಲಿ ಇನ್ನೊಬ್ಬರು ಬರೆದುಕೊಟ್ಟಾಗ ಒಂದೇ ಔಷಧ ಎರಡು ಕಂಪನಿ ಹೆಸರಲ್ಲಿ ಮನೆ ಸೇರಿರುವುದುಂಟು. ದಪ್ಪಕ್ಷರದ ಹೆಸರು ಬಿಡಿ, ಅದರ ಹತ್ತಿರದ ಸಣ್ಣಕ್ಷರ ಓದಿ. ಎರಡು ಶೀಟಿನಲ್ಲೂ ‘ಟೆಲ್ಮಿಸಾರ್ಟಾನ್ 40’ ಎಂದಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ.

ಹೆಚ್ಚು ಕಾಟ ಕೊಡುವುದು ಮಂಡಿನೋವಿನ ಮಾತ್ರೆ. ಬಿಪಿಗೆ ಟೆಲ್ಮಿಸಾರ್ಟಾನ್, ಕಾಲು ಊತಕ್ಕೆ ಮೂತ್ರ ಹೋಗುವ ಮಾತ್ರೆ ತೆಗೆದುಕೊಳ್ಳುವವರು ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗಿದರೆ ಮೂರೂ ಸೇರಿ ಕಿಡ್ನಿಗೆ ಪೆಟ್ಟು. ವಾಂತಿಭೇದಿಯಾದಾಗ, ಕಾರವಾರದ ಮೇ ತಿಂಗಳ ಸೆಖೆಯಲ್ಲಿ ಬೆವರಿ ನೀರಿಳಿದಾಗ ಇನ್ನೂ ಬೇಗ. ನೋವಿಗೆ ಪ್ಯಾರಾಸಿಟಮಾಲ್ 500 ವಾಸಿ, ಆದರೆ ದಿನಕ್ಕೆ ಆರು ದಾಟಬಾರದು. ತೀರಾ ಸಣಕಲು ಇದ್ದವರಿಗೆ, ಲಿವರ್ ತೊಂದರೆ ಇದ್ದವರಿಗೆ ಅಷ್ಟೂ ಹೆಚ್ಚಾಯಿತು, ಕೇಳಿಯೇ ಕೊಡಿ.

ನೆಗಡಿ ಮಾತ್ರೆಯಲ್ಲಿ ಕ್ಲೋರ್‌ಫೆನಿರಮಿನ್ ಇದ್ದರೆ ಮಂಪರು, ಗೊಂದಲ. ಪ್ರೊಸ್ಟೇಟ್ ಗ್ರಂಥಿ ದೊಡ್ಡದಾಗಿರುವ ಅಜ್ಜನಿಗೆ ಮೂತ್ರವೇ ಕಟ್ಟಬಹುದು.

ಏಕಾದಶಿ ಬಂದರೆ ಇನ್ನೊಂದು ಫಜೀತಿ. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಮಾತ್ರೆ ನುಂಗಿ ಉಪವಾಸ ಮಾಡಿದರೆ ಹೊಟ್ಟೆ ಖಾಲಿಯಿದ್ದರೂ ಅದು ಸಕ್ಕರೆ ಇಳಿಸುತ್ತಲೇ ಇರುತ್ತದೆ. ಮೈ ಬೆವರು, ಕೈ ನಡುಕ, ತಲೆಬುಡವಿಲ್ಲದ ಮಾತು ಕಂಡರೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಆಮೇಲೆ ಗಂಜಿಯಾದರೂ ಉಣಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಇದನ್ನೋದಿ ಬಿಪಿ ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ ಮತ್ತೆ! ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಕಷಾಯದ ಪುಡಿಯೂ ಸೇರಿ ಇಡೀ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೋಗಿ.